ವೇಗದ ಊರಿನ ಮಿತವ್ಯಯಿ

ಜಪಾನಿನ ಇಸೆ ಕೊಲ್ಲಿಯ ದಡದಲ್ಲಿರುವ ಸುಜುಕಾ ನಗರಕ್ಕೆ ವೇಗವೇ ಕುಲದೈವ. ಹೋಂಡಾ ಸಂಸ್ಥೆ 1962ರಲ್ಲಿ ತೆರೆದ ಅಲ್ಲಿನ ಪಂದ್ಯಪಥ ಎಂಟರ ಅಂಕಿಯಂತೆ ಬಳಸಿ, ತನ್ನನ್ನೇ ತಾನು ದಾಟುತ್ತದೆ. ಅದೇ ಊರಿನ ಕಾರ್ಖಾನೆಯಿಂದ 2010ರಲ್ಲಿ ಸಿಆರ್-ಝಡ್ ಎಂಬ ಚುರುಕಿನ ಕಾರು ಹೊರಬಂದಿತು. ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್ನಿಗೆ ವಿದ್ಯುತ್ ಮೋಟಾರೊಂದು ಜೊತೆಗಾರ. ವೇಗ ಏರುವಾಗ ಅದು ಹೆಗಲು ಕೊಡುತ್ತಿತ್ತು. ಬ್ರೇಕ್ ಒತ್ತಿದಾಗ, ವ್ಯರ್ಥವಾಗಬೇಕಿದ್ದ ಶಕ್ತಿಯಲ್ಲಿ ಒಂದಿಷ್ಟನ್ನು ಬ್ಯಾಟರಿಗೆ ತುಂಬುತ್ತಿತ್ತು. ಆರು ಗೇರುಗಳನ್ನು ಕೈಯಾರೆ ಬದಲಿಸುವ ಸುಖವೂ ಉಳಿದಿತ್ತು. ವೇಗಪ್ರಿಯರಲ್ಲಿ ಹಲವರಿಗೆ ಅದರ ಓಟ ಸಾಲಲಿಲ್ಲ; ಮಿತವ್ಯಯಿಗಳಿಗೆ ಉಳಿತಾಯ ಸಾಲಲಿಲ್ಲ. 2016ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಸಂಸ್ಥೆ ಸಾರಿತು. ಆದರೂ ಯೌವನದ ಉಲ್ಲಾಸಕ್ಕೂ ಮನೆವಾರ್ತೆಯ ವಿವೇಕಕ್ಕೂ ಒಂದೇ ಗಾಡಿಯಲ್ಲಿ ಎಡೆಮಾಡಿಕೊಟ್ಟ ಆ ಪುಟ್ಟ ಕಾರನ್ನು ಮೆಚ್ಚಿದವರು ಮರೆತಿಲ್ಲ.