ಮ್ಯೂನಿಕ್ ನಗರದಲ್ಲೊಂದು ತೆರೆದ ಕಾರು

ಜರ್ಮನಿಯ ದಕ್ಷಿಣದಲ್ಲಿರುವ ಬವೇರಿಯಾ ಪ್ರಾಂತ್ಯದ ರಾಜಧಾನಿ ಮ್ಯೂನಿಕ್. 1972ರ ಒಲಿಂಪಿಕ್ ಕ್ರೀಡೆಗಳು ಜರುಗಿದ ಉದ್ಯಾನದ ಮಗ್ಗುಲಲ್ಲಿ, ನಾಲ್ಕು ದುಂಡು ಕಂಬಗಳನ್ನು ಒತ್ತಾಗಿ ನಿಲ್ಲಿಸಿದಂತೆ ಕಾಣುವ ಎತ್ತರದ ಕಟ್ಟಡವೊಂದಿದೆ. ಅದು ಬಿ.ಎಂ.ಡಬ್ಲ್ಯೂ. ಕಾರು ಕಂಪನಿಯ ಪ್ರಧಾನ ಕಚೇರಿ. ಅದರ ಬುಡದಲ್ಲಿ ಬೆಳ್ಳಿಯ ಬಟ್ಟಲಿನಂತೆ ಹೊಳೆಯುವುದೇ 1973ರಲ್ಲಿ ತೆರೆದ ಆ ಕಂಪನಿಯ ವಸ್ತುಸಂಗ್ರಹಾಲಯ. ಸುರಂಗ ರೈಲಿನಿಂದ ಇಳಿದು ಕೆಲವೇ ನಿಮಿಷ ನಡೆದರೆ ಅಲ್ಲಿಗೆ ತಲುಪಬಹುದು.

ವಿಮಾನದ ಎಂಜಿನ್ನು, ಮೋಟಾರು ಸೈಕಲ್ಲು, ಬಗೆಬಗೆಯ ಕಾರುಗಳು ಅಲ್ಲಿವೆ. ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ‘507’ ಎಂಬ ಅಂಕಿಯನ್ನೇ ಹೆಸರಾಗಿ ಹೊತ್ತ ತೆರೆದ ಕಾರು. ಎರಡೇ ಆಸನಗಳು, ನೀಳವಾದ ಬಾನೆಟ್, ಅದರ ಇಕ್ಕೆಲಗಳಲ್ಲಿ ಮೀನಿನ ಕಿವಿರನ್ನು ನೆನಪಿಸುವ ಗಾಳಿಕಿಂಡಿಗಳು, ಬೇಕೆಂದಾಗ ಬಿಡಿಸಿ, ಬೇಡವಾದಾಗ ಮಡಚಿಡುವ ಬಟ್ಟೆಯ ಮಾಡು. ಇಷ್ಟು ಸುಂದರವಾದ ಈ ವಾಹನವು ತನ್ನನ್ನು ಹೆತ್ತ ಮನೆಗೆ ಭಾರೀ ನಷ್ಟ ತಂದಿತೆಂದರೆ ವಾಚಕರಿಗೆ ಅಚ್ಚರಿಯಾದೀತು.

ಅಮೆರಿಕದಲ್ಲಿ ಯುರೋಪಿನ ಕಾರುಗಳನ್ನು ತರಿಸಿ ಮಾರುತ್ತಿದ್ದ ಮ್ಯಾಕ್ಸ್ ಹಾಫ್‌ಮನ್ ಎಂಬ ವರ್ತಕರು, ಸುಮಾರು 5,000 ಡಾಲರ್ ಬೆಲೆಯ ತೆರೆದ ಕಾರೊಂದನ್ನು ಮಾಡಿಕೊಟ್ಟರೆ ಸಾವಿರಗಟ್ಟಲೆ ಮಾರಬಹುದೆಂದು ಕಂಪನಿಯನ್ನು ಪ್ರೇರೇಪಿಸಿದರು. ಆಲ್ಬ್ರೆಕ್ಟ್ ಗೋರ್ಟ್ಸ್ ಎಂಬ ವಿನ್ಯಾಸಕಾರರು ಇದರ ರೂಪವನ್ನು ರಚಿಸಿದರು. 1955ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿದಾಗ ನೋಡಿದವರೆಲ್ಲ ಮೆಚ್ಚಿದರು. ಎಂಟು ಸಿಲಿಂಡರುಗಳ 3.2 ಲೀಟರ್ ಎಂಜಿನ್ನಿನಿಂದ 150 ಅಶ್ವಶಕ್ತಿ ದೊರೆಯುತ್ತಿತ್ತು.

ತೊಡಕು ಬಂದದ್ದು ತಯಾರಿಕೆಯಲ್ಲಿ. ಅಲ್ಯೂಮಿನಿಯಂ ತಗಡಿನ ಮೈಯನ್ನು ಕುಶಲಕರ್ಮಿಗಳು ಕೈಯಿಂದಲೇ ತಟ್ಟಿ ರೂಪಿಸಬೇಕಾಗಿತ್ತು. ಒಂದರಂತೆ ಇನ್ನೊಂದಿರಲಿಲ್ಲ, ಒಂದು ಕಾರಿಗೆಂದು ಮಾಡಿದ ಗಟ್ಟಿ ಮಾಡು ಮತ್ತೊಂದಕ್ಕೆ ಹೊಂದುತ್ತಿರಲಿಲ್ಲ. ಇದರಿಂದ ವೆಚ್ಚವೇರಿ, ಬೆಲೆಯು ಎಣಿಸಿದ್ದಕ್ಕಿಂತ ಸುಮಾರು ಇಮ್ಮಡಿಯಾಯಿತು. 1959ರವರೆಗೆ ಸಿದ್ಧವಾದವು 250ಕ್ಕೆ ತುಸು ಹೆಚ್ಚು ಮಾತ್ರ. ದೊಡ್ಡ ಕಾರುಗಳಿಂದಾದ ನಷ್ಟದಿಂದ ಕಂಪನಿಯೇ ಕುಸಿಯತೊಡಗಿ, ಆ ವರ್ಷದ ಡಿಸೆಂಬರ್ 9ರ ಷೇರುದಾರರ ಸಭೆಯಲ್ಲಿ ಅದನ್ನು ಡೈಮ್ಲರ್-ಬೆಂಜ್ ವಶಕ್ಕೊಪ್ಪಿಸುವ ಪ್ರಸ್ತಾಪ ಬಂದಿತು. ಸಣ್ಣ ಷೇರುದಾರರು ಪಟ್ಟುಹಿಡಿದು ವಿರೋಧಿಸಿದರು. ಅನಂತರ ಹರ್ಬರ್ಟ್ ಕ್ವಾಂಟ್ ಅವರು ಬಂಡವಾಳ ಹೂಡಿ ಸಂಸ್ಥೆಯನ್ನು ಉಳಿಸಿದರು.

ಅಂದು ಕೊಳ್ಳುವವರ ಕೊರತೆಯಿಂದ ಅಲ್ಪಸಂಖ್ಯೆಯಲ್ಲಿ ಉಳಿದದ್ದೇ ಇಂದು ಸಂಗ್ರಾಹಕರು ಇದರ ಬೆನ್ನುಹತ್ತಲು ಕಾರಣವಾಗಿದೆ. ಒಡೆಯರ ಕೀರ್ತಿಯೂ ಅದಕ್ಕೆ ಕೂಡಿಕೊಂಡಿದೆ. ಸೈನಿಕಸೇವೆಗೆಂದು ಜರ್ಮನಿಗೆ ಬಂದಿದ್ದ ಗಾಯಕ ಎಲ್ವಿಸ್ ಪ್ರೀಸ್ಲಿ ಅವರ ಬಳಿ ಬಿಳಿಯ 507 ಇತ್ತು. ಅಭಿಮಾನಿ ಯುವತಿಯರು ತುಟಿಬಣ್ಣದಿಂದ ಅದರ ಮೇಲೆ ಸಂದೇಶ ಬರೆಯತೊಡಗಿದ್ದರಿಂದ ಅವರು ಅದಕ್ಕೆ ಕೆಂಪು ಬಣ್ಣ ಹಚ್ಚಿಸಿದರಂತೆ. ಮುಂದೆ ಆ ಕಾರು ಅಮೆರಿಕಕ್ಕೆ ಹೋಗಿ, ತನ್ನ ಎಂಜಿನ್ನನ್ನೂ ಕಳೆದುಕೊಂಡು, ಕ್ಯಾಲಿಫೋರ್ನಿಯಾದ ಕುಂಬಳಕಾಯಿ ಗೋದಾಮಿನಲ್ಲಿ ಧೂಳು ಹಿಡಿದು ನಿಂತಿತ್ತು. 2014ರಲ್ಲಿ ಅದು ಮ್ಯೂನಿಕ್ಕಿಗೆ ಮರಳಿತು. ಕಂಪನಿಯ ಕುಶಲಕರ್ಮಿಗಳು ಸುಮಾರು ಎರಡು ವರ್ಷ ದುಡಿದು ದೊರೆಯದ ಭಾಗಗಳನ್ನು ಹೊಸದಾಗಿ ಮಾಡಿ, ಮೊದಲಿನ ಬಿಳಿ ಬಣ್ಣವನ್ನೇ ಬಳಿದು, 2016ರ ಆಗಸ್ಟಿನಲ್ಲಿ ಲೋಕಕ್ಕೆ ತೋರಿಸಿದರು.

ಪಂದ್ಯಗಳ ವಿಶ್ವವಿಜೇತ ಜಾನ್ ಸರ್ಟೀಸ್ ಅವರು 1957ರಲ್ಲಿ ಹೊಸದಾಗಿ ಪಡೆದು ಜೀವನದುದ್ದಕ್ಕೂ ಇಟ್ಟುಕೊಂಡಿದ್ದ 507, ಅವರು ತೀರಿಕೊಂಡ ಮರುವರ್ಷ, 2018ರಲ್ಲಿ, ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ 38 ಲಕ್ಷ ಪೌಂಡುಗಳಿಗೆ ಹರಾಜಾಯಿತು.

ತನ್ನನ್ನು ಮುಳುಗಿಸಲಿದ್ದ ವಸ್ತುವನ್ನು ಈ ಸಂಸ್ಥೆ ಮರೆಮಾಚದೆ ಮನೆಯ ಒಡವೆಯಂತೆ ಇರಿಸಿಕೊಂಡಿರುವುದು ನಮಗೆ ಬಹಳ ಹಿಡಿಸಿತು. ಲೆಕ್ಕದ ಪುಸ್ತಕದಲ್ಲಿ ಸೋತದ್ದು ನಿಜ. ಆದರೆ ತಗಡನ್ನು ತಟ್ಟಿದ ಆ ಕೈಗಳ ಕೆಲಸದಲ್ಲಿ ಕೊರತೆಯಿರಲಿಲ್ಲ. ಮ್ಯೂನಿಕ್ಕಿಗೆ ಹೋಗುವ ಬಂಧುಗಳು ಮಕ್ಕಳನ್ನು ಕರೆದುಕೊಂಡು ಅರ್ಧ ದಿನವನ್ನಾದರೂ ಇಲ್ಲಿ ಕಳೆಯಬೇಕೆಂಬುದು ನಮ್ಮ ಅಭಿಲಾಷೆ.