ಕೈ ಎತ್ತಿದ ಹುಡುಗ

ಮಂಡ್ಯ ಸೀಮೆಯಲ್ಲಿ ಕಬಡ್ಡಿ ಅಂದರೆ ಊರಿನ ಮಾನದ ಪ್ರಶ್ನೆ. ನಾವು ಹೈಸ್ಕೂಲಿನಲ್ಲಿದ್ದಾಗ ತಾಲ್ಲೂಕು ಮಟ್ಟದ ಫೈನಲ್ಲಿಗೆ ಗದ್ದೆ ಕೆಲಸ ಬಿಟ್ಟು ಬಂದವರು ಸುಣ್ಣದ ಗೆರೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು. ನಾನು ಬದಲಿ ಆಟಗಾರ. ನೀರಿನ ಬಿಂದಿಗೆ ಇಟ್ಟುಕೊಂಡು ಗೆರೆಗೆ ಅಂಟಿಕೊಂಡೇ ನಿಂತಿದ್ದೆ.

ಅಂಕ ಸಮಸಮ. ಕೊನೆಯ ರೈಡು ಅವರದು, ಬಂದವನು ಅವರ ಕ್ಯಾಪ್ಟನ್ನು. ಎಡ ಕಾರ್ನರಿನಲ್ಲಿದ್ದ ನಮ್ಮ ಹುಡುಗನತ್ತ ಕಾಲು ಚಾಚಿದ, ಇವನು ಹಿಂದಕ್ಕೆ ಜಿಗಿದ, ಧೂಳೆದ್ದಿತು, ಅವನು ನಡುಗೆರೆ ದಾಟಿ ಹೋದ. ಅಂಪೈರ್ ಅಂಕ ಕೊಡಲಿಲ್ಲ. ಬದುಕಿದೆವು ಅಂದುಕೊಂಡೆವು.

ಅಷ್ಟರಲ್ಲಿ ನಮ್ಮ ಹುಡುಗ ಕೈ ಎತ್ತಿದ.

"ಮುಟ್ಟವ್ನೆ ಸಾ."

ಬಗ್ಗಿ ಮೀನಖಂಡ ತೋರಿಸಿದ. ಬೆವರಿಗೆ ಮೆತ್ತಿದ ಕೆಮ್ಮಣ್ಣಿನ ಮೇಲೆ ಬೆರಳು ಗೀರಿದ ಸಣ್ಣ ಗುರುತಿತ್ತು. ಅಂಪೈರ್ ಏನನ್ನೂ ಹೇಳುವ ಮೊದಲೇ ಗೆರೆಯಾಚೆ ಹೋಗಿ ನಿಂತ. ಒಂದೇ ಅಂಕದಲ್ಲಿ ಸೋತೆವು.

"ಯಾಕ್ಲಾ ಬಾಯ್ಬುಟ್ಟೆ? ಅಂಪೈರೇ ಸುಮ್ಕಿದ್ದ!" ಅಂತ ನಮ್ಮೂರಿನ ಹಿರಿಯರೊಬ್ಬರು ರೇಗಿದರು. ಹುಡುಗ ತಲೆ ತಗ್ಗಿಸಲೂ ಇಲ್ಲ, ಎದುರಾಡಲೂ ಇಲ್ಲ. ನಮ್ಮ ಡ್ರಿಲ್ ಮೇಷ್ಟ್ರು ಮಾತ್ರ, "ಹೋಗ್ರೋ, ಅವರಿಗೆ ಕೈ ಕೊಟ್ಟು ಬನ್ರೋ" ಅಂದರು.

ಗೆದ್ದ ಹುಡುಗನನ್ನೂ ನಾನು ಮರೆತಿಲ್ಲ. ಅವನ ಕಡೆಯವರು ಅವನನ್ನು ಹೆಗಲ ಮೇಲೆ ಹೊತ್ತಿದ್ದರು, ತಮಟೆ ಶುರುವಾಗಿತ್ತು. ಅವನು ಕೆಳಗಿಳಿದು, ತಮಟೆಯವರಿಗೆ ಕೈಸನ್ನೆ ಮಾಡಿ ನಿಲ್ಲಿಸಿ, ನೇರ ನಮ್ಮವನ ಹತ್ತಿರ ಬಂದ. "ತಾಕ್ದಂಗಾಯ್ತು ಕಣೋ, ಆದ್ರೆ ನಂಗೇ ಗ್ಯಾರಂಟಿ ಇರ್ನಿಲ್ಲ" ಅಂದ. ಸೋತವನು ಸತ್ಯ ಹೇಳುವುದು ಕಷ್ಟ. ಗೆದ್ದ ಗಳಿಗೆಯಲ್ಲಿ ಸೋತವನ ಮುಖ ನೋಡುವುದು ಅದಕ್ಕಿಂತಲೂ ಕಷ್ಟವೆಂದು ನನಗೆ ಅನ್ನಿಸುತ್ತದೆ. ಆ ವಯಸ್ಸಿಗೆ ಅವನಿಗೆ ಅದನ್ನು ಯಾರು ಕಲಿಸಿದ್ದರೋ!

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟ್ರು ಎಲ್ಲರಿಗೂ ಕಬ್ಬಿನ ಹಾಲು ಕೊಡಿಸಿ ವಿಶ್ವನಾಥ್ ಕಥೆ ತೆಗೆದರು. 1980ರ ಫೆಬ್ರವರಿ, ಬೊಂಬಾಯಿಯ ವಾಂಖೆಡೆಯಲ್ಲಿ ಇಂಗ್ಲೆಂಡ್ ಎದುರು ಸುವರ್ಣ ಮಹೋತ್ಸವದ ಟೆಸ್ಟು. ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ನಾಯಕ. 58 ರನ್ನಿಗೆ ಇಂಗ್ಲೆಂಡಿನ 5 ವಿಕೆಟ್ ಬಿದ್ದಿತ್ತು. ಕಪಿಲ್ ದೇವ್ ಎಸೆತದಲ್ಲಿ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನವರಿಕೆಯಾದ ವಿಶ್ವನಾಥ್ ಅವರನ್ನು ವಾಪಸ್ ಕರೆಸಿದರು. ಟೇಲರ್ ಹೊಡೆದದ್ದು 43 ರನ್ನೇ, ಆದರೆ ಬೋಥಮ್ ಜೊತೆ 171 ರನ್ನಿನ ಜೊತೆಯಾಟ ಕಟ್ಟಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು.

"ಆಮೇಲೆ ವಿಶಿ ಬೇಜಾರು ಮಾಡ್ಕೊಂಡ್ರಾ ಸಾ?" ಅಂತ ಯಾರೋ ಕೇಳಿದರು.

"ಸೋತಿದ್ದಕ್ಕೆ ಯಾರಿಗೆ ಬೇಜಾರಾಗಲ್ಲ? ಕರೆಸಿದ್ದಕ್ಕೆ ಯಾಕಾಗಬೇಕು?" ಅಂದರು ಮೇಷ್ಟ್ರು.

ಈಗ ಮಕ್ಕಳ ಪಂದ್ಯಗಳಲ್ಲಿ ಗೆರೆಯಾಚೆ ನಿಂತ ಅಪ್ಪ ಅಮ್ಮಂದಿರು ಅಂಪೈರ್ ಮೇಲೆ ಕೂಗಾಡುವುದನ್ನು ಕಂಡಾಗ ಸಂಕಟವಾಗುತ್ತದೆ. ಒಳಗೆ ಆಡುತ್ತಿರುವ ಮಗು ಎರಡನ್ನೂ ಕಲಿಯುತ್ತಿರುತ್ತದೆ, ಆಟವನ್ನೂ ಆ ಕೂಗನ್ನೂ.

ಜಿಲ್ಲಾ ಮಟ್ಟಕ್ಕೆ ಹೋಗುವ ಮುಂಚೆ ಅಭ್ಯಾಸಕ್ಕೆ ಬನ್ನಿ ಅಂತ ಗೆದ್ದವರೇ ನಮಗೆ ಹೇಳಿ ಕಳಿಸಿದರು. ಭಾನುವಾರ ಹೋದೆವು. ಅಂಪೈರ್ ಇರಲಿಲ್ಲ. ಅವರ ಕ್ಯಾಪ್ಟನ್ ಸೀಟಿಯನ್ನು ನಮ್ಮ ಹುಡುಗನ ಕೈಗೆ ಕೊಡಲು ಬಂದ, "ನೀನೇ ಅಂಪೈರ್ ಆಗು, ನಮ್ಮವ್ರು ಯಾರೂ ತಕರಾರು ಮಾಡಲ್ಲ" ಅಂತ.

"ಹೋಗೋ, ನಾನು ಆಡ್ಬೇಕು" ಅಂದವನೇ ಪ್ಯಾಂಟು ಮಡಚಿ ಎಡ ಕಾರ್ನರಿಗೆ ಹೋಗಿ ನಿಂತ.