ಬಿಗಿಯೂ ಸಡಿಲವೂ

ಕಡಲಿನಲ್ಲಿ ಗಾಳ ಹಾಕುವುದು ಸೋಮಾರಿಗಳ ಕೆಲಸವೆಂದು ನಮ್ಮ ಮನೆಯವರ ಅಭಿಪ್ರಾಯ. ಅದನ್ನು ನಾವು ಖಂಡಿಸಲಾರೆವು. ಆದರೂ ಆ ಸೋಮಾರಿತನದಲ್ಲಿ ನಾವೊಂದು ಪಾಠವನ್ನು ಕಲಿತೆವು. ಅದನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದು.

ರೀಲನ್ನು ಕೊಂಡ ಹೊಸತರಲ್ಲಿ ಒಂದು ಮುಂಜಾನೆ ಮಲ್ಪೆಯ ಅಳಿವೆಯ ಬಂಡೆಗಳ ಮೇಲೆ ನಿಂತಿದ್ದೆವು. ನಮ್ಮ ನೈಲಾನ್ ದಾರವು ೧೦ ಕಿಲೋ ಭಾರವನ್ನು ತಡೆಯತಕ್ಕದ್ದು. ಸಿಕ್ಕಿದ ಮೀನು ತಪ್ಪಬಾರದೆಂಬ ಆಸೆಯಿಂದ ರೀಲಿನ ತಿರುಪನ್ನು ಕೈಲಾದಷ್ಟು ಬಿಗಿದಿದ್ದೆವು. ಹೊತ್ತು ಏರುತ್ತಿರಲು ಕೋಲು ಫಕ್ಕನೆ ಬಾಗಿತು. ಮರುಕ್ಷಣವೇ ದಾರ ಕಡಿದು ಕೋಲು ನೆಟ್ಟಗಾಯಿತು. ಮೀನಿನ ಮುಖವನ್ನೂ ನಾವು ಕಾಣಲಿಲ್ಲ. ಅದು ತಪ್ಪಿಹೋದುದಕ್ಕಿಂತಲೂ, ಬಾಯಲ್ಲಿ ಕೊಕ್ಕೆಯನ್ನೂ ಬೆನ್ನ ಹಿಂದೆ ಮಾರುಗಟ್ಟಲೆ ದಾರವನ್ನೂ ಎಳೆದುಕೊಂಡು ಹೋಯಿತೆಂಬುದೇ ನಮ್ಮನ್ನು ಹೆಚ್ಚಾಗಿ ಬಾಧಿಸಿತು. ತಪ್ಪು ನಮ್ಮದು, ದಂಡನೆ ಮೀನಿಗೆ.

ಸಮೀಪದಲ್ಲಿ ಬಲೆ ಸರಿಪಡಿಸುತ್ತಿದ್ದ ವೃದ್ಧರೊಬ್ಬರು ನಕ್ಕು, "ಓಡುವಾಗ ಬಿಡಬೇಕು ಮಾರಾಯ್ರೇ, ನಿಂತಾಗ ಎಳೆಯಬೇಕು" ಎಂದರು. ಆಯುಷ್ಯವೆಲ್ಲ ಬರಿಗೈಯಲ್ಲಿ ದಾರ ಬಿಟ್ಟು ಮೀನು ಹಿಡಿದವರು ಅವರು. ಕೈ ಚಾಚಿ ತೋರಿಸಿದರು; ದಾರ ಜಾರಿ ಜಾರಿ ಬೆರಳುಗಳಲ್ಲಿ ಗೆರೆಗಳು ಬಿದ್ದಿದ್ದುವು. ಆ ಬೆರಳುಗಳು ಮಾಡುವ ಕೆಲಸವನ್ನೇ ರೀಲಿನಲ್ಲಿ ಡ್ರ್ಯಾಗ್ ಎಂಬ ತಡೆಯು ಮಾಡುವುದು.

ರೀಲಿನೊಳಗೆ ಫೆಲ್ಟಿನ ಇಲ್ಲವೆ ಕಾರ್ಬನ್ನಿನ ಬಿಲ್ಲೆಗಳೂ ಲೋಹದ ಬಿಲ್ಲೆಗಳೂ ಒಂದರ ಮೇಲೊಂದು ಕುಳಿತಿರುತ್ತವೆ. ತಿರುಪು ಅವುಗಳನ್ನು ಒತ್ತುತ್ತದೆ. ಮೀನಿನ ಸೆಳೆತವು ಆ ಒತ್ತಡವನ್ನು ಮೀರಿದೊಡನೆ ಉರುಳೆ ಜಾರಿ ದಾರವನ್ನು ಬಿಡುತ್ತದೆ. ದಾರ ಉಳಿಯುತ್ತದೆ, ಮೀನು ದಣಿಯುತ್ತದೆ.

ಹಾಗಾದರೆ ಬಿಗಿತ ಎಷ್ಟಿರಬೇಕು? ದಾರದ ಬಲದ ಕಾಲುಭಾಗದಿಂದ ಮೂರರಲ್ಲೊಂದು ಭಾಗ. ೧೦ ಕಿಲೋ ದಾರಕ್ಕೆ ಎರಡೂವರೆಯಿಂದ ಸುಮಾರು ೩.೩ ಕಿಲೋ. ಗಂಟಿನಲ್ಲಿ ದಾರದ ಬಲ ಕುಗ್ಗುವುದೂ ಮೀನು ಹಠಾತ್ತಾಗಿ ಜಗ್ಗುವುದೂ ಇದಕ್ಕೆ ಕಾರಣ. ಕೈಯಂದಾಜನ್ನು ನಂಬತಕ್ಕದ್ದಲ್ಲ. ಕೋಲನ್ನು ೪೫ ಡಿಗ್ರಿಯಷ್ಟು ಎತ್ತಿ ಹಿಡಿದು, ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ, ಇನ್ನೊಬ್ಬರಿಂದ ಎಳೆಯಿಸಿ, ದಾರ ಜಾರತೊಡಗಿದಾಗ ಮುಳ್ಳು ಎಲ್ಲಿದೆಯೆಂದು ನೋಡಬೇಕು. ನಮ್ಮ ಅಂಗಳದಲ್ಲಿ ಆ ಮೀನಿನ ಪಾತ್ರವನ್ನು ಮನೆಯವರೇ ವಹಿಸಿದರು, ನಗುತ್ತಲೇ ಎಳೆದರೆನ್ನಬೇಕು.

ಮೀನು ದೂರ ಓಡಿದಷ್ಟೂ ಬಿಗಿಯುವ ಮನಸ್ಸಾಗುವುದು ಸಹಜ. ಆದರೆ ದಾರ ಖರ್ಚಾಗಿ ಉರುಳೆಯ ಸುತ್ತಿನ ಅಡ್ಡಳತೆ ಅರ್ಧಕ್ಕಿಳಿದರೆ, ತಿರುಪನ್ನು ಮುಟ್ಟದಿದ್ದರೂ ದಾರದ ಮೇಲಿನ ಬಿಗಿ ಇಮ್ಮಡಿಯಾಗುತ್ತದೆ. ನೀರಿನ ತಡೆಯೂ ಅದಕ್ಕೆ ಕೂಡುತ್ತದೆ. ಆದುದರಿಂದ ಆಗ ಬೇಕಾದುದು ಸಡಿಲಿಕೆಯೇ.

ಮನೆಗೆ ಬಂದ ಮೇಲೆ ತಿರುಪನ್ನು ತುಸು ಬಿಗಿದು, ರೀಲಿನ ಉಪ್ಪನ್ನು ಸಿಹಿನೀರಿನಿಂದ ಮೆಲ್ಲನೆ ತೊಳೆದು, ಒಣಗಿಸಿ, ಬಳಿಕ ತಿರುಪನ್ನು ಪೂರ್ತಿ ಸಡಿಲಿಸಿಡಬೇಕು. ಬಿಗಿದೇ ಇಟ್ಟರೆ ಬಿಲ್ಲೆಗಳು ಅಂಟಿಕೊಂಡು, ಮುಂದಿನ ಸಲದ ಮೊದಲ ಜಗ್ಗಿಗೆ ಜಾರದೆ ದಾರ ಕಡಿದೀತು.

ಮರುತಿಂಗಳು ಅದೇ ಬಂಡೆಯ ಬಳಿ ಮೀನೊಂದು ಮೂರು ಸಲ ಓಡಿತು. ಮೂರು ಸಲವೂ ರೀಲು ಕೂಗಿತು. ಮೂರು ಸಲವೂ ನಮ್ಮ ಬೆರಳು ತಿರುಪಿನತ್ತ ಹೋಯಿತು. ಮೂರು ಸಲವೂ ಹಿಂತೆಗೆದೆವು. ಆಮೇಲೆ ಅದು ಸುಮ್ಮನೆ ದಡಕ್ಕೆ ಬಂದಿತು. ಅಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯಲ್ಲಿ ಸೋಮಾರಿತನದ ಮಾತು ಏಳಲಿಲ್ಲ.